ನಮ್ಮ ಮಾವ ಮತ್ತು ಮನುಷ್ಯರನ್ನು ನುಂಗುವ ಹಗ್ಗ

ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯಲ್ಲಿ, ಆರನೇ ಇಯತ್ತೆಯ ಅರ್ಧಕ್ಕೆ, ನನ್ನ ಓದು ನಿಂತಿತು. ನಮ್ಮ ಸೋದರಮಾವನದು ಅದಕ್ಕೂ ಬಹಳ ಮೊದಲೇ ಎರಡನೇ ಇಯತ್ತೆಯಲ್ಲಿ ನಿಂತಿತ್ತು. ಆದರೆ ಇಡೀ ಹುಮನಾಬಾದಿಗೆ ಹನ್ನೆರಡು ವರ್ಷ ಇಂಗ್ಲಿಷಿನ ಅರ್ಥ ಹೇಳಿದವನು ಯಾರು? ನಮ್ಮ ಮಾವ! ಅವನಿಗೆ ಇಂಗ್ಲಿಷ್ ಬರುತ್ತಿತ್ತೇ ಎಂದು ಕೇಳುತ್ತೀರಾ? ಬಂದಿದ್ದರೆ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿತ್ತೇ, ನೀವೇ ಹೇಳಿ!

ನನ್ನ ಓದು ನಿಂತದ್ದರಲ್ಲಿ ಮಾವನ ತಪ್ಪಿಲ್ಲ. ಆಗ ನಾವು ಕೊಡಂಬಲದಲ್ಲಿದ್ದೆವು. ಪಂಚಮಿ ಕಳೆದ ಎಂಟನೇ ದಿನ ಹೊಲಕ್ಕೆ ಹೋದ ಅಪ್ಪನಿಗೆ ಹುಳ ಮುಟ್ಟಿತು. ನಮ್ಮ ಕಡೆ ಹಾವು ಕಚ್ಚಿತು ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತೇವೆ. ಮೆಲ್ಲಗೆ ಅಂದರೆ ವಿಷವೂ ಮೆಲ್ಲಗೆ ಏರುವುದೇನೋ ಎಂಬ ಹಾಗೆ. ಏರುವುದು ಬೇಗನೇ ಏರಿತು. ಬೆಳಗ್ಗೆ ನಡೆದುಕೊಂಡು ಹೋದ ಅಪ್ಪ ಮಧ್ಯಾಹ್ನ ಬಂಡಿಯಲ್ಲಿ ಬಂದ. ತಿಂಗಳೊಳಗೆ ಮಾವ ಬಂದು ಅವ್ವನನ್ನೂ ನನ್ನನ್ನೂ ಹುಮನಾಬಾದಿನ ತನ್ನ ಒಂದೂವರೆ ಖೋಲಿಯ ಮನೆಗೆ ಕರೆದುಕೊಂಡು ಹೋದ. ನಾನು ಹೈದರಾಬಾದ್ ರಸ್ತೆಯ ಒಂದು ಟೈರಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಹನ್ನೊಂದು ವರ್ಷಕ್ಕೆ ಅದೇ ರಸ್ತೆಯಲ್ಲಿ ನನ್ನದೇ ಅಂಗಡಿ ಹಾಕಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ.

ಅವ್ವ ಮಾತ್ರ ಅಂದಿನಿಂದ ಪಂಚಮಿಗೆ ಹಾಲೆರೆಯುವುದನ್ನು ಬಿಟ್ಟಳು. ಹಾಲೆರೆಯುವಾಗ ನಮ್ಮಲ್ಲಿ ಮನೆಯವರೆಲ್ಲರ ಪಾಲು ಎಣಿಸಿ ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣ ತಮ್ಮಂದಿರ ಪಾಲು ಎಂದು ಒಬ್ಬೊಬ್ಬರ ಹೆಸರಿಗೂ ಒಂದೊಂದು ಚಮಚೆ ಹಾಲು. ಆ ವರ್ಷ ಅವ್ವ ಹುತ್ತದ ಮುಂದೆ ಕುಳಿತು "ಮನಿಯವರ ಪಾಲು" ಎಂದು ಅಪ್ಪನ ಹೆಸರಿಗೆ ಎರಡು ಚಮಚೆ ಹೆಚ್ಚಿಗೆ ಎರೆದಿದ್ದಳು. ಎಂಟೇ ದಿನಕ್ಕೆ ಹೀಗಾಯಿತು. ಮಾವ ಪ್ರತಿ ಪಂಚಮಿಗೂ ಹಾಲಿನ ತಂಬಿಗೆ ತಂದು ಅವ್ವನ ಮುಂದೆ ಇಡುತ್ತಿದ್ದ.

"ಅಕ್ಕಾ, ಏಳು. ದೇವರ ಸಂಗಟ ಸಿಟ್ಟ ಮಾಡಬಾರದು."

"ನಂದೇನ ಸಿಟ್ಟಪಾ ತಮ್ಮಾ? ತನ್ನ ಪಾಲ ತಾನೇ ತಗೊಂಡ ಹೋಗ್ಯಾನ. ಮತ್ತ ನಾ ಏನ ಕೊಡಲಿ?"

ಆ ಹಾಲನ್ನು ಕಾಯಿಸಿ ಮಾವನಿಗೇ ಚಹಾ ಮಾಡಿಕೊಡುತ್ತಿದ್ದಳು. ಮಾವ ಕುಡಿಯುತ್ತಿದ್ದ. ಚಹಾ ಬಿಡುವ ಮನುಷ್ಯ ಅವನಲ್ಲ. ಆದರೆ ಅವನ ಜೀವನದಲ್ಲಿ ಚಿಂತೆ ಅಂತ ಒಂದು ಇದ್ದರೆ ಅದು ಇದೇ: ಅಕ್ಕ ಮತ್ತೆ ಒಮ್ಮೆ ಹಾಲೆರೆಯಬೇಕು. ಉಳಿದ ಯಾವುದಕ್ಕೂ ಅವನು ಚಿಂತೆ ಮಾಡಿದ್ದು ನಾನು ನೋಡಿಲ್ಲ. ಮದುವೆಗೂ ಮಾಡಲಿಲ್ಲ! ಒಂದೇ ಒಂದು ಸಲ ಹುಲಸೂರಿಗೆ ಹೆಣ್ಣು ನೋಡಲು ಹೋಗಿದ್ದ. ಹಿರಿಯರು ಹುಡುಗಿಯನ್ನು "ಏನವ್ವಾ, ಒಪ್ಪಿಗಿ ಅದನ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿ "ಹೂಂ" ಅಂದಳು. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಮಾವ ಎದ್ದು ನಿಂತು, "ಆಕಿ ಏನಂತಾಳಂದ್ರ, ಆಕಿಗಿ ಇಷ್ಟ ಜಲ್ದಿ ತವರಮನಿ ಬಿಡಾಕ ಮನಸಿಲ್ಲ, ಅಪ್ಪನ ಮಾರಿ ನೋಡಿ ಹೂಂ ಅಂದಾಳ" ಎಂದು ಶುರು ಮಾಡಿ ಆ ಒಂದು ಹೂಂಗೆ ಕಾಲು ಗಂಟೆ ಅರ್ಥ ಹೇಳಿದನಂತೆ. ಹುಡುಗಿ ಅತ್ತಳು, ಅವಳ ಅವ್ವ ಅತ್ತಳು, ಸಂಬಂಧ ಮುರಿಯಿತು. "ಖರೆ ಅರ್ಥನ ಹೇಳೀನಿ" ಎಂದು ಮಾವ ಉಪ್ಪಿಟ್ಟು ತಿಂದು ಬಂದ.

ಅರ್ಥ ಹೇಳುವುದು ಅವನ ಕಸುಬೇ ಆಗಿತ್ತು. ಮೊದಲು ಅವನು ಹುಮನಾಬಾದಿನ ಚೌಕದಲ್ಲಿ ಬಸ್ಸುಗಳಿಗೆ ಮಂದಿ ಕರೆಯುತ್ತಿದ್ದ. "ಕಲ್ಯಾಣ, ಕಲ್ಯಾಣ, ಹುಲಸೂರ, ಹುಲಸೂರ!" ಅಂತ ಕೂಗಿದರೆ ಕಲ್ಯಾಣಕ್ಕೆ ಹೋಗುವ ಕೆಲಸವಿಲ್ಲದವರೂ ಹತ್ತಿ ಕೂರುತ್ತಿದ್ದರು. ಆ ದನಿ ಕೇಳಿ ಊರ ಹೊರಗಿನ ತಗಡಿನ ಟಾಕೀಸಿನ ಮಾಲಕ ಅವನನ್ನು ಕರೆದುಕೊಂಡ. ಆ ಮಾಲಕನ ಲೆಕ್ಕವನ್ನು ಮೆಚ್ಚಬೇಕು. ಮಳೆ ಬಂದರೆ ತಗಡಿನ ಸದ್ದಿಗೆ ಚಿತ್ರದ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಅವನು ಬೇಸಿಗೆಯಲ್ಲಿ ಹಿಂದಿ ಚಿತ್ರ, ಮಳೆಗಾಲದಲ್ಲಿ ಇಂಗ್ಲಿಷ್ ಚಿತ್ರ ಹಾಕುತ್ತಿದ್ದ. ಕೇಳಿಸಿದ್ದರೂ ಯಾರಿಗೆ ತಿಳಿಯುತ್ತಿತ್ತು! ಪರದೆಯ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಮಾವ ನಿಲ್ಲುತ್ತಿದ್ದ. ಕೈಯಲ್ಲಿ ತಗಡಿನ ಭೋಂಗಾ. ಒಂದು ತುದಿ ಬಾಯಿಯಷ್ಟು ಸಣ್ಣದು, ಇನ್ನೊಂದು ತುದಿ ಬುಟ್ಟಿಯಷ್ಟು ಅಗಲ. ಅದರಲ್ಲಿ ಅವನು ಚಿತ್ರದ ಕತೆಯನ್ನು ಮಳೆಗಿಂತ ಜೋರಾಗಿ ಹೇಳಬೇಕು.

ಅವನಿಗೆ ಗೊತ್ತಿದ್ದ ಇಂಗ್ಲಿಷು ಮೂರು ಶಬ್ದ: ಯೆಸ್, ನೋ, ಹಾಫ್ ಟಿಕೇಟ್. ಪರದೆಯ ಮೇಲೆ ಒಬ್ಬ ದೊರೆ ಐದು ನಿಮಿಷ ಕೈ ಬೀಸಿ ಮಾತಾಡಿದರೆ ಮಾವ ಭೋಂಗಾ ಎತ್ತಿ, "ಊಟ ಆತೇನು ಅಂತ ಕೇಳಾಕತ್ತಾನ್ರಿ" ಅನ್ನುತ್ತಿದ್ದ. ಮುಂದೆ ಕುಳಿತ ಹೆಣ್ಣುಮಗಳು "ನೋ" ಅಂದಳೆಂದರೆ, ಆಕೆಯ ಅಪ್ಪ ಯಾವ ಊರಿನವ, ಎಷ್ಟು ಹೊಲ ಇತ್ತು, ಮಲತಾಯಿ ಏನು ಕಾಟ ಕೊಟ್ಟಳು, ಈಗ ಯಾಕೆ ಊಟ ಸೇರುವುದಿಲ್ಲ ಎಲ್ಲವೂ ಬರಬೇಕು! ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹೆಣ್ಣುಮಗಳು ಪರದೆಯ ಮೇಲೆ ನಗುತ್ತಿದ್ದರೂ ಇವರು ಅಳುತ್ತಿದ್ದರು.

ಎಪ್ಪತ್ತಮೂರೋ ಎಪ್ಪತ್ತನಾಲ್ಕೋ ಇರಬೇಕು, ಶ್ರಾವಣ ಇನ್ನೂ ಹುಟ್ಟಿರಲಿಲ್ಲ, ಟಾಕೀಸಿಗೆ ಒಂದು ಹೊಸ ಇಂಗ್ಲಿಷ್ ಚಿತ್ರ ಬಂತು. ಆರು ಜನ ದೊರೆಗಳು, ಒಬ್ಬಳು ದೊರೆಸಾನಿ, ಒಂದು ನಕ್ಷೆ, ಒಂದು ದೋಣಿ. ನದಿಯ ಮೇಲೆ ಹೋಗಿ ಹೋಗಿ ಸೂರ್ಯನ ಬೆಳಕೇ ಬೀಳದ ಅಡವಿಯನ್ನು ಹೊಗುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಲ್ಲಿ ತೇಗದ ಮರದಷ್ಟು ದಪ್ಪದ ಹಾವುಗಳು. ಒಬ್ಬೊಬ್ಬರನ್ನೇ ಸುತ್ತಿ ನುಂಗುತ್ತವೆ. ಜನ ಕಿರುಚಿ ಬೆಂಚಿನ ಮೇಲೆ ಕಾಲು ಎತ್ತಿಕೊಂಡರು. ನನಗೇನೂ ಭಯವಾಗಲಿಲ್ಲ. ದಿನಕ್ಕೆ ಇಪ್ಪತ್ತು ಟ್ಯೂಬಿನ ಮೇಲೆ ಕೈಯಾಡಿಸುವವನು ನಾನು. ಆ ಹಾವಿನ ಹೊಟ್ಟೆಯ ಹತ್ತಿರ ಪ್ಯಾಚು ಹಾಕಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಗಾಳಿಯೂ ಸ್ವಲ್ಪ ಕಡಿಮೆ ಇತ್ತು.

ಮಾವನಿಗೆ ಮಾತ್ರ ಒಂದು ದೊಡ್ಡ ಫಜೀತಿ ಆಯಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತಬಾರದು. ಎತ್ತಿದರೆ ಕೇಳಿಸಿಕೊಂಡು ಬರುತ್ತದೆ. ಹಗ್ಗ ಅನ್ನಬೇಕು. ಮಧ್ಯಾಹ್ನದ ಆಟಕ್ಕೆ ತೊಂದರೆ ಇರಲಿಲ್ಲ, ಧಾರಾಳವಾಗಿ "ನಾಗಪ್ಪ ಬಂದ" ಅಂದ. ಸಂಜೆಯ ಆಟಕ್ಕೆ? ಎರಡು ಗಂಟೆಯ ಹಾವಿನ ಚಿತ್ರವನ್ನು ಹಾವು ಅನ್ನದೆ ಹೇಳಬೇಕು!

"ಬಂತು ಬಂತು! ಗಿಡದ ಮ್ಯಾಲಿಂದ ಹಗ್ಗ ಇಳೀಲಾಕತ್ತದ! ಏ ದೊರಿ, ಹಿಂದ ನೋಡೋ ಮಾರಾಯಾ, ಹಗ್ಗ! ಹಗ್ಗ ಬಾಯಿ ತೆರೀತು... ಹೋತು. ಟೊಪಿಗಿ ಸುದ್ದಾ ನುಂಗೇಬಿಡ್ತು ಹಗ್ಗ!"

ಗಡಿ ಆಚೆಯಿಂದ ಬಂದಿದ್ದ ಒಬ್ಬ ಲಾರಿ ಡ್ರೈವರು ಮರುದಿನ ನನ್ನ ಅಂಗಡಿಯಲ್ಲಿ ಟೈರು ಬಿಚ್ಚಿಸುತ್ತಾ, ನಿಮ್ಮೂರಿನಲ್ಲಿ ಹಗ್ಗಕ್ಕೆ ಯಾಕೆ ಇಷ್ಟು ಹೆದರುತ್ತಾರೆ ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಆ ನಾಚಿಕೆಯೇ ಮುಂದೆ ಎಲ್ಲ ಹಾಳು ಮಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಎರಡನೇ ಫಜೀತಿ ಊರುಗಳದು. ದೊರೆಗಳ ಹೆಸರು ಮಾವನ ಬಾಯಿಗೆ ಹೊರಳುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಒಂದೊಂದು ಊರು ಕೊಟ್ಟ. ದಪ್ಪ ಹೊಟ್ಟೆಯ ದೊರೆ "ಕೊಹಿನೂರ ಗೌಡ". ಮೊದಲು ನುಂಗಿಸಿಕೊಳ್ಳುವವನೇ ಅವನು. ಸುಮ್ಮನೆ ನುಂಗಿಸಲು ಮಾವನಿಗೆ ಮನಸ್ಸು ಬರಲಿಲ್ಲ. ಪಕ್ಕದ ಹೊಲದ ಬಾಂದುಕಲ್ಲು ಸರಿಸಿದ್ದಕ್ಕೆ ನಾಗಪ್ಪ ನುಂಗಿದ ಅಂದ. ಮೂರನೇ ದಿನ ಕೊಹಿನೂರಿನಿಂದ ಒಂದು ಬಂಡಿ ತುಂಬ ಜನ ಬಂದರು.

"ಏನ್ರಿ, ನಮ್ಮೂರ ಗೌಡನ್ನ ಹಗಲೆಲ್ಲಾ ನುಂಗಸಾಕತ್ತೀರಂತಲ್ಲ? ನಮ್ಮ ಗೌಡ್ರು ಗಟ್ಟಿಮುಟ್ಟಾಗಿ ಮನ್ಯಾಗ ಕುಂತಾರ!"

"ಸಿಟ್ಟಾಗಬ್ಯಾಡ್ರಿ ಯಜಮಾನ್ರ. ಇವತ್ತ ಆಟ ನೋಡ್ರಿ. ಕೊಹಿನೂರಿನವರ ಕೂದಲಾ ಸುದ್ದಾ ಕೊಂಕೂದಿಲ್ಲ."

ಅಂದು ದಪ್ಪ ಹೊಟ್ಟೆಯವನು ಹುಲಸೂರಿನವನಾದ. ಮರುದಿನ ಹುಲಸೂರಿನಿಂದ ಬಸ್ಸು ತುಂಬ ಬಂದರು! ಹೀಗೆ ದಿನಕ್ಕೊಂದು ಊರು ನುಂಗಿಸಿಕೊಂಡು, ದಿನಕ್ಕೊಂದು ಊರು ಜಗಳಕ್ಕೆ ಬಂದು, ಬಂದವರೆಲ್ಲ ಟಿಕೇಟು ತೆಗೆದು ಒಳಗೆ ಕುಳಿತು, ಒಂದು ವಾರ ಓಡಬೇಕಾದ ಚಿತ್ರ ನಾಲ್ಕು ವಾರ ಓಡಿತು. ಮಾಲಕ ಮಾವನಿಗೆ ಹೊಸ ಧೋತರ ಹೊದಿಸಿದ.

ಒಬ್ಬ ದೊರೆಗೆ ಮಾತ್ರ ಮಾವ ಊರು ಬದಲಿಸಲಿಲ್ಲ. ಅಸಲಿಗೆ ಊರೇ ಕೊಟ್ಟಿರಲಿಲ್ಲ. ಎತ್ತರದವನು, ತೆಳ್ಳಗೆ, ಗಡ್ಡ, ಅಗಲ ಟೊಪಿಗೆ. ಅವನು ಪರದೆಗೆ ಬಂದಾಗಲೆಲ್ಲ ಮಾವ, "ಇಂವ ನಮ್ಮಾಂವರಿ" ಅನ್ನುತ್ತಿದ್ದ. ಅಷ್ಟೇ. ಮಧ್ಯಂತರಕ್ಕೆ ಸ್ವಲ್ಪ ಮೊದಲು ಈ ನಮ್ಮಾಂವ ಎಲ್ಲರಿಗೂ ನೀರು ತರಲೆಂದು ಒಬ್ಬನೇ ಹಳ್ಳಕ್ಕೆ ಇಳಿಯುತ್ತಾನೆ, ಅಲ್ಲಿ ಅವನನ್ನು ಹಾವು ಎಳೆದುಕೊಳ್ಳುತ್ತದೆ. ಉಳಿದವರೆಲ್ಲರಿಗೂ ಒಂದೊಂದು ಪಾಪ ಹುಡುಕಿದ್ದ ಮಾವ ಇವನಿಗೆ ಒಂದೂ ಹುಡುಕಲಿಲ್ಲ. "ಇಂವಂದು ಏನೂ ತಪ್ಪಿಲ್ರಿ. ನೋಡ್ರಿ, ಕಾಯ್ರಿ" ಅಂತ ಭೋಂಗಾ ಕೆಳಗಿಡುತ್ತಿದ್ದ.

ಚಿತ್ರದ ಕೊನೆಗೆ ಇನ್ನೊಂದು ದೋಣಿ ಬರುತ್ತದೆ. ಅದರಿಂದ ಅಗಲ ಟೊಪಿಗೆಯ ಒಬ್ಬ ಇಳಿಯುತ್ತಾನೆ, ಅಲ್ಲಿಯವರೆಗೆ ಬದುಕುಳಿದ ದೊರೆಸಾನಿ ಓಡಿ ಹೋಗಿ ಅವನನ್ನು ಹಿಡಿದುಕೊಳ್ಳುತ್ತಾಳೆ. ಮಾವ ಆಗ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಲ್ಲುತ್ತಿದ್ದ.

"ಬಂದಾ! ನಮ್ಮಾಂವ ಬಂದಾ! ನೋಡ್ರೆವ್ವಾ, ಹಗ್ಗದ ಹೊಟ್ಟ್ಯಾಗಿಂದ ಹೊಳ್ಳಿ ಬಂದಾ! ಮನ್ಯಾಗ ಹೇಣತಿ ಹಾಲ ಎರದಿದ್ದಳು. ಎರದದ್ದ ಹಾಲ ಸುಳ್ಳ ಆಗತದೇನು?"

ಟಾಕೀಸು ಎದ್ದು ನಿಂತು ಸಿಳ್ಳೆ ಹೊಡೆಯುತ್ತಿತ್ತು. ಬಂದವನಿಗೆ ಗಡ್ಡವಿರಲಿಲ್ಲ. ಸಾಯಲಿ, ಟೊಪಿಗೆ ಇತ್ತಲ್ಲ! ಹಾವಿನ ಹೊಟ್ಟೆಯಲ್ಲಿ ಹೋಗಿ ಬಂದವನಿಗೆ ಗಡ್ಡ ಉಳಿಯುತ್ತದೆಯೇ ಎಂದು ಒಬ್ಬ ಅಜ್ಜ ನನಗೇ ತಿಳಿಹೇಳಿದ.

ಮಾವ ಅವ್ವನನ್ನು ಈ ಚಿತ್ರಕ್ಕೆ ಕರೆಯಲು ಶುರು ಮಾಡಿದ. ನಾನು ರೊಟ್ಟಿ ತಿನ್ನುತ್ತಿದ್ದೆ, ನನ್ನ ಎದುರಿಗೇ ನಡೆದದ್ದು.

"ಅಕ್ಕಾ, ಒಂದ ದಿನ ಬಾ."

"ಹುಳದ ಸಿನೇಮಾ ಏನ ನೋಡ್ತೀಯೋ? ನೋಡಿದ್ದು ಸಾಕಾಗಿಲ್ಲೇನು?"

"ಅದು ಹುಳದ ಸಿನೇಮಾ ಅಲ್ಲ ಅಕ್ಕಾ. ಹೊಳ್ಳಿ ಬರೋರ ಸಿನೇಮಾ."

ನಾನು ನಕ್ಕೆ. ಅವ್ವ ನಗಲಿಲ್ಲ. ಮರುದಿನ ಮಧ್ಯಾಹ್ನದ ಆಟಕ್ಕೆ ಹೋದಳು. ಅದರ ಮರುದಿನವೂ ಹೋದಳು! ಹದಿನಾರು ವರ್ಷ ಒಂದು ಮದುವೆಗೆ, ಒಂದು ಜಾತ್ರೆಗೆ ಹೋಗದಿದ್ದ ಅವ್ವ, ಸೆರಗು ಸರಿಮಾಡಿಕೊಂಡು ದಿನಾ ಇಂಗ್ಲಿಷ್ ಚಿತ್ರಕ್ಕೆ ಹೊರಡುತ್ತಾಳೆಂದರೆ ನಾನೇನು ತಿಳಿಯಬೇಕು? ಮುದುಕಿಗೆ ಚಟ ಹತ್ತಿತು ಅಂದುಕೊಂಡೆ. ಗೆಳೆಯರ ಮುಂದೆ ಹೇಳಿ ನಗಿಸಿದೆ ಕೂಡ.

ಇನ್ನು ಪಂಚಮಿ ಬಂತು. ಆ ದಿನ ಮಧ್ಯಾಹ್ನದ ಆಟಕ್ಕೆ ಹೆಂಗಸರೆಲ್ಲ ತಂಬಿಗೆ, ಅಳ್ಳು, ತಂಬಿಟ್ಟು ಹಿಡಿದುಕೊಂಡೇ ಬಂದರು. ಯಾರು ಹೇಳಿಕೊಟ್ಟರೋ ದೇವರಿಗೇ ಗೊತ್ತು. ಅಷ್ಟು ದೊಡ್ಡ ನಾಗಪ್ಪ ಊರೊಳಗೇ ಇರುವಾಗ ಬೊಗಸೆಯಷ್ಟು ಹುತ್ತಕ್ಕೆ ಯಾಕೆ ಎರೆಯಬೇಕು ಅನ್ನಿಸಿತೋ ಏನೋ. ಪರದೆಯ ಮೇಲೆ ಹಾವು ಹೆಡೆ ಎತ್ತುವುದೇ ತಡ, ಇಪ್ಪತ್ತು ಮೂವತ್ತು ಜನ ಎದ್ದು ಹೋಗಿ ಪರದೆಗೇ ಹಾಲು ಎರೆದರು! ಪರದೆ ಒದ್ದೆ, ನೆಲ ಒದ್ದೆ, ಮಾಲಕನ ಹೊಸ ಚಪ್ಪಲಿ ಒದ್ದೆ.

"ಏ, ಪರದಾ! ನನ್ನ ಪರದಾ! ನಿಂದರ್ರಿ!" ಎಂದು ಮಾಲಕ ಕೂಗುತ್ತಿದ್ದ.

"ಮಾಲಕ್ರ, ನಾಗಪ್ಪ ಹಾಲ ಕುಡ್ಯಾಕತ್ತಾನ, ನಡುವ ಬರಬ್ಯಾಡ್ರಿ" ಎಂದು ಮಾವ ಭೋಂಗಾದಲ್ಲಿ ಗದರಿಸಿದ. ಆಮೇಲೆ ಪರದೆಯ ಬುಡದಲ್ಲಿ ಒಂದು ಹೊಸ ಗಡಿಗೆ ಇಡಿಸಿ, ತಾನೇ ಪೂಜಾರಿಯ ಹಾಗೆ ಪಾಲು ಕೂಗತೊಡಗಿದ. "ದೇವರ ಪಾಲು! ಗುರುವಿನ ಪಾಲು! ಅಪ್ಪನ ಪಾಲು! ಅವ್ವನ ಪಾಲು!" ಹೆಂಗಸರು ಸಾಲಾಗಿ ಬಂದು ಎರೆದರು. ಅಂದು ಅಂಗಡಿ ಬಂದ್ ಇಟ್ಟು ನಾನೂ ತಮಾಷೆ ನೋಡಲು ಹೋಗಿದ್ದೆ. ಸಾಲಿನ ಕೊನೆಗೆ ಅವ್ವ ಇದ್ದಳು. ಕೈಯಲ್ಲಿ ನಮ್ಮ ಮನೆಯ ತಂಬಿಗೆ. ಅವಳ ಸರದಿ ಬಂದಾಗ ಮಾವ ಕೂಗುವುದನ್ನು ನಿಲ್ಲಿಸಿದ. ಅವ್ವ ಬಗ್ಗಿ ತಾನೇ ಮೆಲ್ಲಗೆ ಹೇಳಿ ಎರೆದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಮಾವನ ಕಣ್ಣಲ್ಲಿ ನೀರಿತ್ತು. ಹಾಲಿನ ಹನಿ ಸಿಡಿದಿರಬೇಕು ಅಂದುಕೊಂಡೆ. ಅಷ್ಟು ಹತ್ತಿರ ನಿಂತು ಅಷ್ಟು ಕಡಿಮೆ ನೋಡಿದವನು ನಾನೊಬ್ಬನೇ ಇರಬೇಕು!

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ಬರದೆ ಉಪಾಯವಿಲ್ಲ.

ಚಿತ್ರ ಇನ್ನು ಎರಡು ದಿನದಲ್ಲಿ ಎತ್ತುತ್ತಾರೆ ಅನ್ನುವಾಗ ನನ್ನ ಆರನೇ ಇಯತ್ತೆಯ ಜೊತೆಗಾರನೊಬ್ಬ ಅಂಗಡಿಗೆ ಬಂದ. ಅವನ ಓದು ನಿಂತಿರಲಿಲ್ಲ. ಬಿ.ಎ. ಮುಗಿಸಿ ಕಚೇರಿಯಲ್ಲಿ ಕುರ್ಚಿ ಹಿಡಿದಿದ್ದ. ಸ್ಕೂಟರಿಗೆ ಗಾಳಿ ಹಾಕಿಸಿಕೊಂಡು, "ನಡೀಪಾ, ನಿಮ್ಮ ಮಾವನ ಇಂಗ್ಲಿಷ ಕೇಳೂಣು" ಅಂದ. ಹೋದೆವು. ಅವ್ವ ಆಗಲೇ ಹೆಂಗಸರ ಕಡೆ, ಕಟಕಟೆಯ ಆಚೆ ಕುಳಿತಿದ್ದಳು. ಜೊತೆಗಾರ ಮಾವನ ಒಂದೊಂದು ಮಾತಿಗೂ ನನ್ನ ತೊಡೆ ಚಿವುಟಿ ನಗುತ್ತಿದ್ದ.

"ಏನಪಾ, ನಿಮ್ಮ ಮನತನದಾಗ ಎಲ್ಲಾರೂ ಹಿಂಗ ಇಂಗ್ಲಿಷ ಕಲ್ತೀರೇನು?"

ನಾನು ಸುಮ್ಮನಿರಬಹುದಿತ್ತು. ಓದು ಬಿಟ್ಟವನ ಸೊಕ್ಕು ಓದಿದವನ ಸೊಕ್ಕಿಗಿಂತ ದೊಡ್ಡದು; ಅದನ್ನು ಹೊತ್ತುಕೊಂಡು ತಿರುಗಿದವನಿಗೇ ಅದರ ಭಾರ ಗೊತ್ತು. ಟೈರಿನ ಮೇಲೆ ಬರೆದದ್ದನ್ನು ನೋಡಿ ನೋಡಿ ನಾನೇ ಇಂಗ್ಲಿಷ್ ಅಕ್ಷರ ಕಲಿತಿದ್ದೆ. ಲಾರಿಯವರ ಬಾಯಿಂದ ಹತ್ತಿಪ್ಪತ್ತು ಶಬ್ದ ಕಲಿತಿದ್ದೆ. ನನಗೂ ತಿಳಿಯುತ್ತದೆ ಎಂದು ಇವನಿಗೆ ತೋರಿಸಬೇಕಾಗಿತ್ತು. ಅಂದು ಮಳೆಯೂ ಇರಲಿಲ್ಲ. ಕೊನೆಯ ದೋಣಿ ಬಂತು. ದೊರೆಸಾನಿ ಓಡಿದಳು. ಟೊಪಿಗೆಯವನು ಏನೋ ಕೇಳಿದ, ಅವಳು ಅಳುತ್ತಾ ಒಂದು ಶಬ್ದ ಹೇಳಿದಳು. ಮಾವ ತುದಿಗಾಲಲ್ಲಿ ನಿಂತು, "ಬಂದಾ! ನಮ್ಮಾಂವ ಬಂದಾ!" ಎಂದು ಶುರು ಮಾಡಿದ.

ನಾನು ಎದ್ದು ನಿಂತೆ.

"ಮಾವಾ, ಸುಳ್ಳ ಹೇಳಬ್ಯಾಡ! ಅಂವ ಬ್ಯಾರೆ ಮನಷ್ಯಾ! ಆಕಿ ಡೆಡ್ ಅಂದಳು, ಡೆಡ್! ಬ್ಯಾಟರಿ ಡೆಡ್ ಅಂತೀವಲ್ಲ, ಹಂಗ. ಹೋದಾಂವ ಸತ್ತಾನ! ಸತ್ತಾಂವ ಬರೂದಿಲ್ಲ!"

ಮುಂದಿನ ಸಾಲಿನಿಂದ ಯಾರೋ "ಬ್ಯಾಟರಿ ಡೆಡ್!" ಎಂದು ಕೂಗಿದರು. ಎಲ್ಲರೂ ನಕ್ಕರು. ಜೊತೆಗಾರ ನನ್ನ ಬೆನ್ನು ತಟ್ಟಿದ. ನನಗೆ ಎಂಥ ಖುಷಿಯಾಯಿತು ಗೊತ್ತೇ? ಆರನೇ ಇಯತ್ತೆ ಆ ಗಳಿಗೆಯಲ್ಲಿ ಪಾಸಾದ ಹಾಗೆ! ಮಾವ ಭೋಂಗಾ ಹಿಡಿದುಕೊಂಡೇ ನಿಂತಿದ್ದ, ನನ್ನ ಕಡೆ ನೋಡಲಿಲ್ಲ. ಕಟಕಟೆಯ ಆಚೆ ನೋಡುತ್ತಿದ್ದ. ನಾನೂ ನೋಡಿದೆ. ಅವ್ವ ಸೆರಗು ಹೊದ್ದುಕೊಂಡು ಹೊರಗೆ ಹೋಗುತ್ತಿದ್ದಳು.

ಮರುದಿನದಿಂದ ಮಾವ ಭೋಂಗಾ ಎತ್ತಿದರೆ ಸಾಕು, "ಬ್ಯಾಟರಿ ಡೆಡ್!" ಶುರುವಾಗುತ್ತಿತ್ತು. ಮುಂದಿನ ಚಿತ್ರಕ್ಕೂ ಅದೇ, ಅದರ ಮುಂದಿನದಕ್ಕೂ ಅದೇ. ದಸರೆಯ ಹೊತ್ತಿಗೆ ಮಾಲಕ, "ಇನ್ನ ಸಾಕ ಬಿಡ್ರಿ, ಮಂದಿ ಶಾಣ್ಯಾ ಆಗ್ಯಾರ" ಅಂದನಂತೆ. ಮಾವ ಭೋಂಗಾ ತೆಗೆದುಕೊಂಡು ನೇರ ನನ್ನ ಅಂಗಡಿಗೆ ಬಂದ. ಬೈಯುತ್ತಾನೆ ಅಂದುಕೊಂಡು ನಾನು ಜ್ಯಾಕಿನ ಕೆಳಗೆ ತಲೆ ಹಾಕಿದೆ.

"ಅಳ್ಯಾ, ಇದನ್ನ ಇಟ್ಟಕೋ. ಎಣ್ಣಿ ಹಾಕಾಕ ಲಾಳಿಕೆ ಬೇಕ ಬೇಕ ಅಂತಿದ್ದೆಲ್ಲ. ಬಾಯಿ ಸಣ್ಣದದ, ಛಲೋ ಆಗತದ."

"ಮತ್ತ ನೀ?"

"ನನ್ನ ಬಾಯಿ ನನ್ನ ಸಂಗಟ ಅದಲ್ಲ!"

ಅದೇ ವಾರ ಕಲ್ಯಾಣಕ್ಕೆ ಹೋದ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಮಂದಿ ಕರೆಯುವ ಕೆಲಸ. ನಾನು ಭೋಂಗಾವನ್ನು ನಿಜವಾಗಿಯೂ ಲಾಳಿಕೆ ಮಾಡಿಕೊಂಡೆ. ಎಂಟು ವರ್ಷ ಅದರಲ್ಲಿ ಡೀಜಲ್ ಹಾಕಿದೆ! ಮುಂದಿನ ಪಂಚಮಿಗೆ ಹಾಲಿನ ತಂಬಿಗೆ ತಂದಿಡುವವರು ಯಾರೂ ಇರಲಿಲ್ಲ. ನಾನೇ ತಂದಿಟ್ಟೆ. ಅವ್ವ ಅದನ್ನು ಕಾಯಿಸಿ ನನಗೆ ಚಹಾ ಮಾಡಿಕೊಟ್ಟಳು.

ಎಂಬತ್ತೊಂದರಲ್ಲಿ ಅವ್ವ ಹೋದಳು. ಮಾವ ಕಲ್ಯಾಣದಿಂದ ಬಂದ, ಮಣ್ಣು ಹಾಕಿದ, ಯಾವ ಮಾತಿಗೂ ಅರ್ಥ ಹೇಳದೆ ಸಂಜೆಯ ಬಸ್ಸಿಗೆ ಹೋದ.

ಅದರ ಮರುವರ್ಷ ಹಳೆಯ ಟೈರು ನೋಡಲೆಂದು ಕಲ್ಯಾಣಕ್ಕೆ ಹೋಗಿದ್ದೆ. ಬಸ್ಸು ಇಳಿಯುವ ಮೊದಲೇ ದನಿ ಕೇಳಿಸಿತು. ತಲೆ ಪೂರ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೆಯೇ ಇತ್ತು. ಟೈರಿನ ಕೆಲಸ ಮುಗಿಸಿ ಬಂದ ಮೇಲೆ ಇಬ್ಬರೂ ಚಹಾ ಅಂಗಡಿಯಲ್ಲಿ ಕುಳಿತೆವು. ಏಳೆಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಬೇಕೆಂದು ಬಾಯಿ ತೆರೆದೆ. ಮಾವ ಬಸಿಯಲ್ಲಿ ಚಹಾ ಸುರಿದುಕೊಂಡು ತಾನೇ ಅಂದ:

"ಅಳ್ಯಾ, ಕೊನಿಗಿ ಬಂದಾಂವ ಬ್ಯಾರೆ ಮನಷ್ಯಾ ಇದ್ದ. ಅದು ನಂಗ ಮೊದಲ ದಿನನ ಗೊತ್ತಿತ್ತು. ಗಡ್ಡ ಇದ್ದಿದ್ದಿಲ್ಲಲ್ಲ."

"ಮತ್ತ ಅವ್ವಗ?"

"ಅಕ್ಕಗೂ ಗೊತ್ತಿತ್ತು. ಮೊದಲ ದಿನ ಆಟ ಬಿಟ್ಟ ಮ್ಯಾಲ ಬಂದು, 'ತಮ್ಮಾ, ಅಂವ ಬ್ಯಾರೆಯಾಂವ' ಅಂದಳು. ನಾ ತಲಿ ಕೆಳಗ ಹಾಕೀನಿ. ಆಮ್ಯಾಲ, 'ಇರಲಿ, ನಾಳಿಗೂ ಹಂಗ ಹೇಳು' ಅಂದಳು."

ನನ್ನ ಬಸಿಯ ಚಹಾ ಆರಿತು.

"ಎಲ್ಲಾರಿಗೂ ಗೊತ್ತಿದ್ದ ಮ್ಯಾಲ ನಾ ಹೇಳಿದ್ದರಾಗ ಏನ ಕೆಟ್ಟಿತು ಮಾವಾ?" ಎಂದು ಕೇಳಿದೆ. ಕ್ಷಮೆ ಕೇಳಲು ಹೋದವನು ಅಲ್ಲಿಯೂ ವಾದಕ್ಕೆ ನಿಂತೆ ನೋಡಿ!

"ಗೊತ್ತಿರೂದು ಬ್ಯಾರೆ ಅಳ್ಯಾ. ಮಂದ್ಯಾಗ ಮಗ ಎದ್ದನಿಂತ ಕೂಗೂದು ಬ್ಯಾರೆ."

ಅದು ಅವನು ಹೇಳಿದ ಎಲ್ಲ ಅರ್ಥಗಳಲ್ಲಿ ಅತಿ ಚಿಕ್ಕದು. ಒಂದೇ ಮಾತು, ಭೋಂಗಾ ಇಲ್ಲದೆ. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ನನ್ನ ಬಸ್ಸಿನ ಇಂಜಿನ್ ಶುರುವಾಯಿತು. "ಹೋಗು, ಅಂಗಡಿ ಬಂದ್ ಇಟ್ಟ ಬಂದಿ. ಮುಂದಿನ ಸಲ ಮಾತಾಡೂಣು" ಎಂದು ನನ್ನನ್ನು ಎಬ್ಬಿಸಿದ. ನಾನು ಹತ್ತಿ ಕಿಟಕಿಯ ಹತ್ತಿರ ಕುಳಿತೆ. ಮಾವ ಎರಡೂ ಕೈಗಳನ್ನು ಬಾಯಿಯ ಸುತ್ತ ಭೋಂಗಾದ ಹಾಗೆ ಹಿಡಿದ. "ಹುಮನಾಬಾದ, ಹುಮನಾಬಾದ, ಹುಮನಾಬಾದ!" ಎಂದು ಮೂರು ಸಲ ಕೂಗಿದ. ಬಸ್ಸು ಹೊರಟ ಮೇಲೆ, ಇಡೀ ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಇನ್ನೊಂದು ಕೂಗಿದ:

"ಡ್ರೈವರಣ್ಣಾ, ಹೌರಗ, ಮೆಲ್ಲಕ ಹೋಗೋ! ನಮ್ಮಾಂವ ಹತ್ಯಾನ!"

ಮುಂದಿನ ಸಲ ಬರಲಿಲ್ಲ. ಆ ಬೇಸಿಗೆಯಲ್ಲಿ ಮಾವ ಹೋದ ಸುದ್ದಿ ಅದೇ ಬಸ್ಸಿನ ಕಂಡಕ್ಟರು ತಂದ.

ಈಗ ನನ್ನ ಹತ್ತಿರ ಒಂದು ಅಂಗಡಿ ಇದೆ, ಎರಡು ಗಾಳಿ ಯಂತ್ರ, ನಾಲ್ಕು ಜ್ಯಾಕು. ಸೀಮೆಎಣ್ಣೆ ಹಾಕಿ ಎಷ್ಟು ತೊಳೆದರೂ ಡೀಜಲ್ ವಾಸನೆ ಹೋಗದ ಒಂದು ತಗಡಿನ ಭೋಂಗಾ. ಒಂದು ಹಾಲಿನ ತಂಬಿಗೆ. ಪಂಚಮಿಗೆ ನಾನೇ ಎರೆಯುತ್ತೇನೆ: ಅಪ್ಪನ ಪಾಲು ಒಂದು, ಅವ್ವನ ಪಾಲು ಒಂದು, ಮಾವನ ಪಾಲು ಎರಡು.